ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡ್‌ಗೆ ಸರಿಯಾದ ಡ್ರೈವರ್ ಆರಿಸುವುದು ಹೇಗೆ?

ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದವರಿಗೆ ಸ್ಪೀಕರ್ ಸದ್ದು ಮಾಡದಿದ್ದರೆ ಕೈ ತಾನಾಗಿ ಹೋಗುವುದು ಡೌನ್‌ಲೋಡ್ ಪುಟಗಳ ಕಡೆಗೆ. ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಹಾಕಿ, ಪಕ್ಕದಲ್ಲಿ ಸೌಂಡ್ ಡ್ರೈವರ್ ಎಂದು ಸೇರಿಸಿ ಹುಡುಕುತ್ತಾರೆ. ಏನೋ ಒಂದು ಕಡತ ಸಿಗುತ್ತದೆ. ಆ ಪುಟವನ್ನು ಮುಚ್ಚಿಬಿಡಿ. ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡ್‌ಗಳ ಡ್ರೈವರ್‌ಗಳು ಹೆಚ್ಚುಕಡಿಮೆ ಎಲ್ಲವೂ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಜೊತೆಯಲ್ಲೇ ಬರುತ್ತವೆ, ನಿಮ್ಮ ಡಿಸ್ಕ್‌ನಲ್ಲಿ ಈಗಾಗಲೇ ಕುಳಿತಿವೆ. ಹಾಗಿದ್ದರೆ ಆರಿಸುವುದು ಏನನ್ನು? ಮೂರು ಸಂಗತಿಗಳನ್ನು: ಒಂದೇ ಕಾರ್ಡ್‌ಗೆ ಹಕ್ಕು ಹೇಳುವ ಎರಡು ಮೂರು ಡ್ರೈವರ್‌ಗಳಿದ್ದರೆ ಯಾವುದಕ್ಕೆ ಬಿಟ್ಟುಕೊಡಬೇಕು, ಆ ಡ್ರೈವರ್ ಕೇಳುವ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಪುಟ್ಟ ತಂತ್ರಾಂಶ) ಇದೆಯೇ, ನಿಮ್ಮ ಕರ್ನಲ್ ಆ ಯಂತ್ರವನ್ನು ಗುರುತಿಸುವಷ್ಟು ಹೊಸದೇ. ಈ ಮೂರರ ಆಚೆಗಿನ ತೊಂದರೆಗಳು ಬಹುಪಾಲು ಡ್ರೈವರ್‌ನವೇ ಅಲ್ಲ.

ಕಮಾಂಡ್‌ಗಳ ಬಗ್ಗೆ ಒಂದು ಮಾತು. ಇಲ್ಲಿ ಅವುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಕರ್ನಲ್ ಮಾಡ್ಯೂಲ್‌ಗಳ, ಅಂದರೆ ಡ್ರೈವರ್ ಕಡತಗಳ, ಹೆಸರಿನಲ್ಲಿ ನಾನು ಜಾಗ ಬಿಟ್ಟಿರುವ ಕಡೆ ಅಂಡರ್‌ಸ್ಕೋರ್ ಬರುತ್ತದೆ.

ಹಳೆಯ ಸಲಹೆಗಳನ್ನು ಮೊದಲು ಬದಿಗಿಡಿ

ಲಿನಕ್ಸ್‌ನ ಸದ್ದಿನ ವ್ಯವಸ್ಥೆ ಹಲವು ಸಲ ಬದಲಾಗಿದೆ. ತೊಂಬತ್ತರ ದಶಕದಲ್ಲಿ ಫಿನ್‌ಲೆಂಡಿನ ಹನ್ನು ಸವೊಲೈನೆನ್ ಬರೆದ ಡ್ರೈವರ್‌ಗಳಿಂದ ಬೆಳೆದ ಓಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. 1998ರಲ್ಲಿ ಯಾರೊಸ್ಲಾವ್ ಕಿಸೆಲಾ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡ್‌ಗಾಗಿ ಶುರುಮಾಡಿದ ಕೆಲಸ ಅಲ್ಸಾ ಆಯಿತು. 2003ರ ಕೊನೆಯಲ್ಲಿ ಬಂದ 2.6 ಕರ್ನಲ್‌ನಿಂದ ಮುಂದೆ ಅಲ್ಸಾದ್ದೇ ರಾಜ್ಯ. ಆದ್ದರಿಂದ ಯಾವುದಾದರೂ ಮಾರ್ಗದರ್ಶಿ ನಿಮಗೆ /ಡೆವ್/ಡಿಎಸ್‌ಪಿ ಎಂಬ ಕಡತದ ಅನುಮತಿ ಬದಲಿಸಲು ಹೇಳಿದರೆ, ಅಥವಾ ಅಲ್ಸಾದ ಆಕರವನ್ನು ಇಳಿಸಿ ಕಂಪೈಲ್ ಮಾಡಲು ಹೇಳಿದರೆ, ಅದು ಬೇರೆ ಕಾಲದ್ದು. ಫ್ರೀಬಿಎಸ್‌ಡಿ ಎಂಬ ಬೇರೆ ಕಾರ್ಯಾಚರಣ ವ್ಯವಸ್ಥೆ ಬಳಸುವವರಿಗೆ ಮಾತ್ರ ಓಎಸ್‌ಎಸ್ ಇಂದಿಗೂ ದಿನನಿತ್ಯದ ವಿಷಯ. ಅವರ ದಾರಿ ಬೇರೆ, ಈ ಬರಹ ಅವರಿಗಲ್ಲ.

ಅಲ್ಸಾ ಕೆಳಗಿನ ಪದರ. ಅದರ ಮೇಲೆ ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ ಕುಳಿತು ಬ್ರೌಸರ್, ವಿಡಿಯೊ ಪ್ಲೇಯರ್, ಸಭೆಯ ಆ್ಯಪ್ ಇವೆಲ್ಲದರ ಸದ್ದನ್ನು ಕಲಸಿ ಕೆಳಗೆ ಕಳಿಸುತ್ತದೆ. ಫೆಡೋರಾ 2021ರ ಏಪ್ರಿಲ್‌ನ 34ನೇ ಆವೃತ್ತಿಯಲ್ಲಿ, ಉಬುಂಟು 2022ರ ಅಕ್ಟೋಬರ್‌ನ 22.10ರಲ್ಲಿ ಪೈಪ್‌ವೈರ್‌ಗೆ ಬದಲಾದವು. ಡ್ರೈವರ್ ಇರುವುದು ಅಲ್ಸಾದ ಮಟ್ಟದಲ್ಲಿ. ಪರೀಕ್ಷೆಯೂ ಅಲ್ಲಿಂದಲೇ ಶುರುವಾಗಬೇಕು, ಬ್ರೌಸರ್‌ನಿಂದಲ್ಲ.

ಮೊದಲ ಹೆಜ್ಜೆ: ಕಾರ್ಡ್ ಯಾವುದು, ಅದನ್ನು ಈಗ ಯಾರು ಹಿಡಿದಿದ್ದಾರೆ

ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ ಎಂದು ಕೊಡಿ. ಉದ್ದದ ಪಟ್ಟಿ ಬರುತ್ತದೆ; ಅದರಲ್ಲಿ ಆಡಿಯೋ ಎಂದಿರುವ ಸಾಲುಗಳನ್ನು ಹುಡುಕಿ. ಪ್ರತಿ ಸಾಲಿನ ಕೆಳಗಿನ ಉಪಸಾಲುಗಳಲ್ಲಿ ಎರಡನ್ನು ನೋಡಿ. ಕರ್ನಲ್ ಡ್ರೈವರ್ ಇನ್ ಯೂಸ್ ಎಂದಿರುವುದು ಈಗ ಕಾರ್ಡನ್ನು ಹಿಡಿದಿರುವ ಡ್ರೈವರ್. ಕರ್ನಲ್ ಮಾಡ್ಯೂಲ್ಸ್ ಎಂದಿರುವುದು ಆ ಕಾರ್ಡ್‌ಗೆ ಹಕ್ಕು ಹೇಳಬಲ್ಲ ಎಲ್ಲ ಡ್ರೈವರ್‌ಗಳ ಪಟ್ಟಿ. ಆಯ್ಕೆ ಎಂಬುದು ಎಲ್ಲಾದರೂ ಇದ್ದರೆ ಈ ಎರಡನೆಯ ಸಾಲಿನಲ್ಲಿದೆ. ಅಲ್ಲಿ ಒಂದೇ ಹೆಸರಿದ್ದರೆ ಆರಿಸಲು ಬೇರೇನೂ ಇಲ್ಲ. ಇನ್ ಯೂಸ್ ಸಾಲೇ ಇಲ್ಲದಿದ್ದರೆ ಕಾರ್ಡ್ ಅನಾಥವಾಗಿದೆ ಎಂದರ್ಥ.

ಚೌಕ ಆವರಣದ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. 8086 ಎಂದು ಶುರುವಾದರೆ ಇಂಟೆಲ್, 1022 ಅಥವಾ 1002 ಆದರೆ ಎಎಮ್‌ಡಿ, 10ಡಿಇ ಆದರೆ ಎನ್ವಿಡಿಯಾ. ಜಾಲದಲ್ಲಿ ಹುಡುಕುವಾಗ ಲ್ಯಾಪ್‌ಟಾಪಿನ ಹೆಸರಿಗಿಂತ ಈ ಸಂಖ್ಯೆ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಒಂದೇ ಹೆಸರಿನ ಮಾದರಿಯೊಳಗೆ ಕಂಪನಿಗಳು ಬೇರೆ ಬೇರೆ ಚಿಪ್ ಹಾಕುವುದುಂಟು. ಇಂಟೆಲ್ ಯಂತ್ರವಾದರೆ ಇನ್ನೊಂದು ಗುರುತನ್ನೂ ನೋಡಿ: ವರ್ಗದ ಸಂಖ್ಯೆ 0401 ಆಗಿದ್ದರೆ ಚಿಪ್‌ನೊಳಗಿನ ಡಿಎಸ್‌ಪಿ, ಅಂದರೆ ಸದ್ದಿಗೆಂದೇ ಇರುವ ಪುಟ್ಟ ಪ್ರೊಸೆಸರ್, ಚಾಲ್ತಿಯಲ್ಲಿದೆ. 0403 ಆಗಿದ್ದರೆ ಸಾಮಾನ್ಯವಾಗಿ ಹಳೆಯ ರೀತಿಯ ಎಚ್‌ಡಿ ಆಡಿಯೋ. ಆದರೆ ವಿವರದಲ್ಲಿ ಪ್ರಾಗ್-ಇಫ್ 80 ಎಂದು ಕಂಡರೆ ಅಲ್ಲಿಯೂ ಡಿಎಸ್‌ಪಿ ಇದೆ. ಮೂರನೆಯ ಹೆಜ್ಜೆಯಲ್ಲಿ ಈ ಗುರುತು ಬೇಕಾಗುತ್ತದೆ.

ಇನ್ನು ರಿಯಲ್‌ಟೆಕ್. ನನ್ನದು ರಿಯಲ್‌ಟೆಕ್ ಕಾರ್ಡ್, ಅದರ ಡ್ರೈವರ್ ಪಟ್ಟಿಯಲ್ಲಿ ಇಲ್ಲವಲ್ಲ ಎಂದು ಕೇಳುವವರು ಬಹಳ. ಲ್ಯಾಪ್‌ಟಾಪಿನ ಸದ್ದಿನ ಯಂತ್ರಾಂಗದಲ್ಲಿ ಎರಡು ಭಾಗಗಳಿವೆ. ಇಂಟೆಲ್ ಅಥವಾ ಎಎಮ್‌ಡಿ ಚಿಪ್‌ನೊಳಗಿನ ಕಂಟ್ರೋಲರ್ ಒಂದು. ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಕೋಡೆಕ್ ಚಿಪ್ ಇನ್ನೊಂದು. ರಿಯಲ್‌ಟೆಕ್, ಕೊನೆಕ್ಸಂಟ್, ಸಿರಸ್ ಲಾಜಿಕ್ ಇವೆಲ್ಲ ಕೋಡೆಕ್ ತಯಾರಕರು. ಪಿಸಿಐ ಪಟ್ಟಿಯಲ್ಲಿ ಕಾಣುವುದು ಕಂಟ್ರೋಲರ್ ಮಾತ್ರ. ಅದರ ಡ್ರೈವರ್ ಎದ್ದ ಮೇಲೆ ಕೋಡೆಕ್‌ನ ಮಾಡ್ಯೂಲ್ ತಾನಾಗಿ ಬರುತ್ತದೆ. ಕೋಡೆಕ್‌ನ ನಿಖರ ಹೆಸರು /ಪ್ರಾಕ್/ಎಸೌಂಡ್/ಕಾರ್ಡ್0 ಕೋಶದಲ್ಲಿ ಕೋಡೆಕ್#0 ಎಂಬ ಕಡತದ ಮೊದಲ ಸಾಲಿನಲ್ಲಿದೆ.

ಕೊನೆಗೆ ಎಪ್ಲೇ -ಎಲ್ ಕೊಡಿ. ಕಾರ್ಡ್‌ಗಳ ಪಟ್ಟಿ ಬಂದರೆ ಡ್ರೈವರ್ ಎದ್ದಿದೆ. ನೋ ಸೌಂಡ್‌ಕಾರ್ಡ್ಸ್ ಫೌಂಡ್ ಎಂದರೆ ಎದ್ದಿಲ್ಲ. ಎರಡನೆಯ ಹೆಜ್ಜೆಯನ್ನು ಬಿಟ್ಟು ನೇರವಾಗಿ ಮೂರಕ್ಕೆ ಹೋಗಿ.

ಎರಡನೆಯ ಹೆಜ್ಜೆ: ತಪ್ಪು ಡ್ರೈವರ್‌ನದ್ದೇ ಎಂದು ಖಚಿತಪಡಿಸಿಕೊಳ್ಳಿ

ಅಲ್ಸಾಮಿಕ್ಸರ್ ತೆರೆಯಿರಿ. ಎಫ್6 ಒತ್ತಿ ಕಾರ್ಡ್ ಆರಿಸಿ. ಮಾಸ್ಟರ್, ಸ್ಪೀಕರ್, ಹೆಡ್‌ಫೋನ್ ಕಂಬಗಳ ಕೆಳಗೆ ಎಂಎಂ ಎಂದು ಕಂಡರೆ ಸದ್ದು ಮುಚ್ಚಿದೆ; ಎಂ ಕೀಲಿ ಒತ್ತಿ ತೆರೆಯಿರಿ. ಆಟೊ-ಮ್ಯೂಟ್ ಮೋಡ್ ಎಂಬುದಿದ್ದರೆ ಒಮ್ಮೆ ಡಿಸೇಬಲ್ ಮಾಡಿ ನೋಡಿ. ಹೆಡ್‌ಫೋನ್ ಸಿಕ್ಕಿಸಿಲ್ಲದಿದ್ದರೂ ಸಿಕ್ಕಿಸಿದೆ ಎಂದು ಯಂತ್ರ ಭ್ರಮಿಸಿದಾಗ ಸ್ಪೀಕರ್ ಮೌನವಾಗುವುದು ಇದರಿಂದಲೇ.

ಬಳಿಕ ಸ್ಪೀಕರ್-ಟೆಸ್ಟ್ -ಸಿ 2 -ಟಿ ಡಬ್ಲ್ಯುಎವಿ ಕೊಡಿ. ಎಡಗಡೆ, ಬಲಗಡೆ ಎಂದು ಇಂಗ್ಲಿಷ್ ದನಿ ಕೇಳಿದರೆ ಡ್ರೈವರ್ ಸರಿಯಾಗಿದೆ. ಅದಕ್ಕೆ ಕೈ ಹಚ್ಚಬೇಡಿ; ತೊಂದರೆ ಮೇಲಿನ ಪದರದ್ದು. ಡಬ್ಲ್ಯುಪಿಸಿಟಿಎಲ್ ಸ್ಟೇಟಸ್ ಕೊಟ್ಟರೆ ಪೈಪ್‌ವೈರ್ ಯಾವ ಸಾಧನಕ್ಕೆ ಸದ್ದು ಕಳಿಸುತ್ತಿದೆ ಎಂದು ನಕ್ಷತ್ರದ ಗುರುತಿನಿಂದ ತಿಳಿಯುತ್ತದೆ. ಬಹಳ ಸಲ ಆ ನಕ್ಷತ್ರ ಎಚ್‌ಡಿಎಮ್‌ಐ ಮೇಲಿರುತ್ತದೆ, ಅಂದರೆ ಸದ್ದೆಲ್ಲ ಸ್ಪೀಕರ್ ಇಲ್ಲದ ಮಾನಿಟರ್‌ಗೆ ಹೋಗುತ್ತಿರುತ್ತದೆ. ಡಬ್ಲ್ಯುಪಿಸಿಟಿಎಲ್ ಸೆಟ್-ಡಿಫಾಲ್ಟ್ ಎಂದು ಬರೆದು ಮುಂದೆ ಸರಿಯಾದ ಸಾಧನದ ಸಂಖ್ಯೆ ಕೊಟ್ಟರೆ ಮುಗಿಯಿತು.

ವಿಂಡೋಸ್ ಕೂಡ ಅದೇ ಯಂತ್ರದಲ್ಲಿದ್ದರೆ ಅದರ ಫಾಸ್ಟ್ ಸ್ಟಾರ್ಟ್‌ಅಪ್ ಆಯ್ಕೆಯನ್ನು ತೆಗೆದು, ಪೂರ್ತಿ ಶಟ್‌ಡೌನ್ ಮಾಡಿ ಲಿನಕ್ಸ್ ಎಬ್ಬಿಸಿ ನೋಡಿ. ಅರೆನಿದ್ದೆಯಲ್ಲಿ ಬಿಟ್ಟುಹೋದ ಕೋಡೆಕ್ ಲಿನಕ್ಸ್‌ನ ಮಾತು ಕೇಳದಿರುವುದು ನಿಜವಾಗಿ ನಡೆಯುವ ಸಂಗತಿ.

ಮೂರನೆಯ ಹೆಜ್ಜೆ: ಇಂಟೆಲ್ ಲ್ಯಾಪ್‌ಟಾಪ್‌ನ ನಿಜವಾದ ಆಯ್ಕೆ

ಡ್ರೈವರ್ ಆರಿಸುವುದು ಎಂಬ ಮಾತು ಅಕ್ಷರಶಃ ಅನ್ವಯಿಸುವುದು ಇಲ್ಲಿ. ಇತ್ತೀಚಿನ ಇಂಟೆಲ್ ಯಂತ್ರದಲ್ಲಿ ಕರ್ನಲ್ ಮಾಡ್ಯೂಲ್ಸ್ ಸಾಲಿನಲ್ಲಿ ಎರಡು, ಮೂರು ಹೆಸರುಗಳು ಕಾಣುತ್ತವೆ. ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್ ಎಂಬುದು ಹಳೆಯ, ಗಟ್ಟಿಮುಟ್ಟಾದ ಡ್ರೈವರ್. ಡಿಎಸ್‌ಪಿಯನ್ನು ಪೂರ್ತಿ ಬದಿಗೆ ಸರಿಸಿ ಕೋಡೆಕ್ ಜೊತೆ ನೇರ ಮಾತಾಡುತ್ತದೆ. ಎಸ್‌ಎನ್‌ಡಿ ಎಸ್‌ಒಎಫ್ ಎಂದು ಶುರುವಾಗುವುದು ಸೌಂಡ್ ಓಪನ್ ಫರ್ಮ್‌ವೇರ್ ಯೋಜನೆಯದು. ಇಂಟೆಲ್ ಆರಂಭಿಸಿದ ಇದು 2018ರಿಂದ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿದೆ. ಎಸ್‌ಎನ್‌ಡಿ ಎಸ್‌ಒಸಿ ಎವಿಎಸ್ ಎಂಬುದು ಕೆಲವು ಹಳೆಯ ಡಿಎಸ್‌ಪಿಗಳಿಗೆ.

ಆಯ್ಕೆಯನ್ನು ನಿರ್ಧರಿಸುವುದು ಮೈಕ್. ಲ್ಯಾಪ್‌ಟಾಪಿನ ಪರದೆಯ ಮೇಲಂಚಿನ ಡಿಜಿಟಲ್ ಮೈಕ್‌ಗಳನ್ನು ಕೋಡೆಕ್‌ಗೆ ಅಲ್ಲ, ಡಿಎಸ್‌ಪಿಗೆ ಜೋಡಿಸಿರುತ್ತಾರೆ. ಡಿಎಸ್‌ಪಿಯನ್ನೇ ಮುಟ್ಟದ ಹಳೆಯ ಡ್ರೈವರ್‌ಗೆ ಆ ಮೈಕ್ ಕಾಣುವುದಿಲ್ಲ. ಸ್ಪೀಕರ್ ಚೆನ್ನಾಗಿದೆ, ಒಳಗಿನ ಮೈಕ್ ಮಾತ್ರ ಪಟ್ಟಿಯಲ್ಲೇ ಇಲ್ಲ ಎಂಬ ದೂರಿನ ಹಿಂದಿರುವುದು ಬಹುತೇಕ ಇದೇ. ಬಯಾಸ್ ಕೊಡುವ ಕೋಷ್ಟಕದಲ್ಲಿ ಡಿಜಿಟಲ್ ಮೈಕ್ ಇದೆ ಎಂದಿದ್ದರೆ ಕರ್ನಲ್ ತಾನಾಗಿ ಎಸ್‌ಒಎಫ್ ಆರಿಸುತ್ತದೆ. ಆದರೆ ಫರ್ಮ್‌ವೇರ್ ಇಲ್ಲದಿದ್ದರೆ ಅಲ್ಲೇ ಮುಗ್ಗರಿಸುತ್ತದೆ.

ಹಾಗಾಗಿ ಮೊದಲು ಫರ್ಮ್‌ವೇರ್ ನೋಡಿ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಸುಡೊ ಡಿಎಂಇಎಸ್‌ಜಿ ಕೊಟ್ಟು (ಸುಡೊ ಎಂದರೆ ನಿರ್ವಾಹಕರ ಅಧಿಕಾರದಲ್ಲಿ ಓಡಿಸುವುದು) ಎಸ್‌ಒಎಫ್ ಎಂದಿರುವ ಸಾಲುಗಳನ್ನು ಓದಿ. ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2 ಎಂದಿದ್ದರೆ ಕಡತವೇ ಸಿಕ್ಕಿಲ್ಲ. ಡೆಬಿಯನ್‌ನಲ್ಲಿ ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್, ಫೆಡೋರಾದಲ್ಲಿ ಅಲ್ಸಾ-ಎಸ್‌ಒಎಫ್-ಫರ್ಮ್‌ವೇರ್, ಆರ್ಚ್‌ನಲ್ಲಿ ಎಸ್‌ಒಎಫ್-ಫರ್ಮ್‌ವೇರ್ ಎಂಬ ಪ್ಯಾಕೇಜ್ ಹಾಕಿ. ಜೊತೆಗೆ ಅಲ್ಸಾ-ಯುಸಿಎಂ-ಕಾನ್ಫ್ ಕೂಡ ಇರಲಿ; ಯಾವ ಯಂತ್ರದಲ್ಲಿ ಯಾವ ತಂತಿ ಸ್ಪೀಕರ್‌ಗೆ, ಯಾವುದು ಮೈಕ್‌ಗೆ ಎಂಬ ವಿವರ ಅದರಲ್ಲಿದೆ. ಡೆಬಿಯನ್ 12ಕ್ಕಿಂತ ಹಿಂದಿನ ಅಧಿಕೃತ ಅನುಸ್ಥಾಪನಾ ಡಿಸ್ಕ್‌ಗಳಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಇರುತ್ತಿರಲಿಲ್ಲ, ಆದ್ದರಿಂದ ಹಳೆಯ ಡೆಬಿಯನ್‌ನಲ್ಲಿ ಈ ತೊಂದರೆ ಹೆಚ್ಚು.

ಹೆಸರಿನಲ್ಲೇ ಓಪನ್ ಎಂದಿರುವುದು ಮುಕ್ತವಲ್ಲದ ವಿಭಾಗದಲ್ಲಿ ಏಕೆ? ಆಕರ ತೆರೆದಿದೆ, ಓದಬಹುದು, ತಿದ್ದಬಹುದು; ಆದರೆ ಅಂಗಡಿಯಲ್ಲಿ ಕೊಂಡ ಬಹುತೇಕ ಲ್ಯಾಪ್‌ಟಾಪ್‌ಗಳ ಡಿಎಸ್‌ಪಿ ಇಂಟೆಲ್‌ನ ಸಹಿ ಇಲ್ಲದ ಫರ್ಮ್‌ವೇರನ್ನು ಒಳಗೆ ಬಿಡುವುದಿಲ್ಲ. ನೀವು ತಿದ್ದಿದ್ದು ನಿಮ್ಮ ಯಂತ್ರದಲ್ಲೇ ಓಡದ ಸ್ವಾತಂತ್ರ್ಯ ಇದು. ನನಗಂತೂ ಇದನ್ನು ಪೂರ್ತಿ ಮುಕ್ತ ಎನ್ನಲು ಮನಸ್ಸು ಬರುವುದಿಲ್ಲ.

ಫರ್ಮ್‌ವೇರ್ ಇದ್ದೂ ಸದ್ದಿಲ್ಲದಿದ್ದರೆ ಡ್ರೈವರನ್ನು ಕೈಯಿಂದ ಆರಿಸಬಹುದು. /ಇಟಿಸಿ/ಮಾಡ್‌ಪ್ರೋಬ್.ಡಿ ಕೋಶದಲ್ಲಿ ಡಾಟ್ ಕಾನ್ಫ್ ಎಂದು ಮುಗಿಯುವ ಹೊಸ ಕಡತ ಮಾಡಿ, ಅದರಲ್ಲಿ ಈ ಒಂದು ಸಾಲು ಬರೆಯಿರಿ:

ಆಪ್ಷನ್ಸ್ ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ ಡಿಎಸ್‌ಪಿ_ಡ್ರೈವರ್=1

ಇಲ್ಲಿ 0 ಎಂದರೆ ಕರ್ನಲ್‌ನ ಇಷ್ಟ, 1 ಹಳೆಯ ಎಚ್‌ಡಿಎ, 3 ಎಸ್‌ಒಎಫ್, 4 ಎವಿಎಸ್. 2 ಎಂಬುದು ಈಗ ಹಿಂದೆ ಸರಿದ ಎಸ್‌ಎಸ್‌ಟಿ ಡ್ರೈವರ್. ಬರೆದ ಮೇಲೆ ಆರಂಭಿಕ ರಾಮ್‌ಡಿಸ್ಕನ್ನು, ಅಂದರೆ ಯಂತ್ರ ಏಳುವಾಗ ಕರ್ನಲ್ ಮೊದಲು ಬಳಸುವ ಕಡತಗಳ ಕಟ್ಟನ್ನು, ಹೊಸದಾಗಿ ಕಟ್ಟಬೇಕು: ಡೆಬಿಯನ್, ಉಬುಂಟುಗಳಲ್ಲಿ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು, ಫೆಡೋರಾದಲ್ಲಿ ಡ್ರಾಕಟ್ -ಎಫ್, ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ ಮುಂದೆ ಹೈಫನ್ ಮತ್ತು ದೊಡ್ಡಕ್ಷರದ ಪಿ. ಮೂರೂ ಸುಡೊ ಜೊತೆಗೆ. ನಂತರ ಮರುಚಾಲನೆ.

1 ಆರಿಸಿದರೆ ಸದ್ದು ಬರಬಹುದು, ಡಿಜಿಟಲ್ ಮೈಕ್ ಹೋಗುತ್ತದೆ. ತುರ್ತಿಗೆ ಒಳ್ಳೆಯದು, ಶಾಶ್ವತ ಪರಿಹಾರವಲ್ಲ. ಕೋಡೆಕ್ ಸೌಂಡ್‌ವೈರ್ ಎಂಬ ಹೊಸ ಬಸ್ ಮೇಲೆ ಕುಳಿತಿರುವ ಯಂತ್ರಗಳಲ್ಲಿ 1 ಹಾಕಿದರೆ ಎಚ್‌ಡಿಎಮ್‌ಐ ಹೊರತು ಏನೂ ಉಳಿಯುವುದಿಲ್ಲ. ಅಲ್ಲಿ ಎಸ್‌ಒಎಫ್ ಬಿಟ್ಟು ಗತಿಯಿಲ್ಲ.

ಬದಲಾವಣೆಗೆ ಕೈ ಹಾಕುವ ಮೊದಲು ಒಂದು ಎಚ್ಚರಿಕೆ, ಮುಖ್ಯವಾಗಿ ಓರ್ಕಾ ಪರದೆವಾಚಕವನ್ನು ನೆಚ್ಚಿರುವ ದೃಷ್ಟಿಹೀನ ಬಳಕೆದಾರರಿಗೆ. ಈಸ್ಪೀಕ್ ಎನ್‌ಜಿಯಲ್ಲಿ ಕನ್ನಡದ ದನಿಯಿದೆ, ಅದನ್ನೇ ಕೇಳಿಕೊಂಡು ಕೆಲಸ ಮಾಡುವವರಿದ್ದಾರೆ. ಡ್ರೈವರ್ ಬದಲಿಸಿ ಮರುಚಾಲನೆ ಮಾಡಿದಾಗ ಸದ್ದು ಹೋದರೆ ಅವರಿಗೆ ಪರದೆಯೇ ಹೋದಂತೆ. ಸಣ್ಣದೊಂದು ಯುಎಸ್‌ಬಿ ಸೌಂಡ್ ಅಡಾಪ್ಟರ್ ಸಿಕ್ಕಿಸಿ, ಓರ್ಕಾ ಅದರ ಮೂಲಕ ಮಾತಾಡುತ್ತದೆ ಎಂದು ಪರೀಕ್ಷಿಸಿಕೊಂಡು ನಂತರವೇ ಮುಂದುವರಿಯಿರಿ.

ಎಎಮ್‌ಡಿ, ಮತ್ತು ಸ್ಪೀಕರ್ ಮಾತ್ರ ಸುಮ್ಮನಿರುವ ಲ್ಯಾಪ್‌ಟಾಪ್‌ಗಳು

ಎಎಮ್‌ಡಿ ಯಂತ್ರದಲ್ಲೂ ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್ ಕಂಡರೆ ಗಾಬರಿ ಬೇಡ. ಹೆಸರು ಇಂಟೆಲ್‌ನದಾದರೂ 2004ರ ಎಚ್‌ಡಿ ಆಡಿಯೋ ಮಾನದಂಡ ಪಾಲಿಸುವ ಪಿಸಿಗಳ ಬಹುತೇಕ ಎಲ್ಲ ಕಂಟ್ರೋಲರ್‌ಗಳನ್ನೂ ಅದು ನಡೆಸುತ್ತದೆ. ಒಳಗಿನ ಮೈಕ್‌ಗೆ ಮಾತ್ರ ಎಸಿಪಿ ಎಂದು ಹೆಸರಿರುವ ಬೇರೆ ಡ್ರೈವರ್ ಬೇಕು. ರೈಜನ್ 6000 ಸಾಲಿನ ಲ್ಯಾಪ್‌ಟಾಪ್‌ಗಳಿಗಿರುವ ಎಸಿಪಿ6ಎಕ್ಸ್ ಡ್ರೈವರ್‌ನೊಳಗೆ ಯಂತ್ರಗಳ ಹೆಸರಿನ ಪಟ್ಟಿಯೇ ಇದೆ. ನಿಮ್ಮ ಮಾದರಿ ಪಟ್ಟಿಯಲ್ಲಿ ಇಲ್ಲದಿದ್ದರೆ, ಯಂತ್ರಾಂಗ ಒಂದೇ ಆಗಿದ್ದರೂ, ಮೈಕ್ ಏಳದಿರಬಹುದು. ಇಂತಲ್ಲಿ ಯಾವ ಪ್ಯಾಕೇಜೂ ಉಪಯೋಗಕ್ಕೆ ಬಾರದು. ಹೊಸ ಕರ್ನಲ್ ಬೇಕು. ಉಬುಂಟು ಎಲ್‌ಟಿಎಸ್‌ನಲ್ಲಿ ಎಚ್‌ಡಬ್ಲ್ಯುಇ ಕರ್ನಲ್, ಡೆಬಿಯನ್‌ನಲ್ಲಿ ಬ್ಯಾಕ್‌ಪೋರ್ಟ್ಸ್ ಇದಕ್ಕೆಂದೇ ಇವೆ.

ಹೆಡ್‌ಫೋನ್‌ನಲ್ಲಿ ಸದ್ದಿದೆ, ಸ್ಪೀಕರ್‌ನಲ್ಲಿ ಇಲ್ಲ, ಅಥವಾ ತಗಡು ಬಡಿದಂತೆ ತೆಳುವಾಗಿದೆ ಎಂದರೆ ಆಂಪ್ಲಿಫೈಯರ್ ಚಿಪ್‌ಗಳನ್ನು ಶಂಕಿಸಿ. ಸಿರಸ್ ಲಾಜಿಕ್‌ನ ಸಿಎಸ್35ಎಲ್41, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಎಸ್2781 ಮುಂತಾದವು ಕೋಡೆಕ್ ಮತ್ತು ಸ್ಪೀಕರ್ ನಡುವೆ ಕೂರುತ್ತವೆ. ಅವುಗಳಿಗೆ ಅವುಗಳದೇ ಡ್ರೈವರ್, ಅವುಗಳದೇ ಫರ್ಮ್‌ವೇರ್. ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನೂ ಕರ್ನಲನ್ನೂ ಒಟ್ಟಿಗೆ ಹೊಸದಾಗಿಸಿ. ಒಂದನ್ನು ಬಿಟ್ಟು ಇನ್ನೊಂದನ್ನು ಹೊಸದಾಗಿಸಿದರೆ ಪ್ರಯೋಜನ ಕಡಿಮೆ.

ಡೆಸ್ಕ್‌ಟಾಪ್‌ನ ಬಿಡಿ ಕಾರ್ಡ್‌ಗಳು, ಯುಎಸ್‌ಬಿ

ಬಿಡಿ ಕಾರ್ಡ್ ಕೊಳ್ಳುವವರು ಕೊಳ್ಳುವ ಮುಂಚೆಯೇ ಡ್ರೈವರ್ ಆರಿಸುವುದು ಜಾಣತನ. ಸೌಂಡ್ ಬ್ಲಾಸ್ಟರ್ ಎಂಬ ಒಂದೇ ಹೆಸರಿನಡಿ ಒಳಗೆ ಸಂಬಂಧವೇ ಇಲ್ಲದ ಚಿಪ್‌ಗಳಿವೆ. ಹಳೆಯ ಲೈವ್, ಆಡಿಜಿ ಕಾರ್ಡ್‌ಗಳಿಗೆ ಎಸ್‌ಎನ್‌ಡಿ ಇಎಂಯು10ಕೆ1. ಎಕ್ಸ್-ಫೈಗೆ ಎಸ್‌ಎನ್‌ಡಿ ಸಿಟಿಎಕ್ಸ್‌ಎಫ್‌ಐ. ಝಡ್, ಎಇ-5 ಸಾಲಿಗೆ ಸಿಎ0132 ಕೋಡೆಕ್‌ನ ಡ್ರೈವರ್, ಅದಕ್ಕೆ ಫರ್ಮ್‌ವೇರ್ ಕೂಡ ಬೇಕು. ಅಸುಸ್ ಝೋನಾರ್‌ನ ಹಲವು ಕಾರ್ಡ್‌ಗಳನ್ನು ಎಸ್‌ಎನ್‌ಡಿ ವರ್ಚುಯೊಸೊ ನೋಡಿಕೊಳ್ಳುತ್ತದೆ. ಎನ್ವಿ24 ಚಿಪ್‌ನ ಎಂ-ಆಡಿಯೋ ಡೆಲ್ಟಾ ಕಾರ್ಡ್‌ಗಳಿಗೆ ಎಸ್‌ಎನ್‌ಡಿ ಐಸ್1712 ಇದೆ.

ಸಂಗೀತ ಅಥವಾ ಪಾಡ್‌ಕಾಸ್ಟ್ ಧ್ವನಿಮುದ್ರಣಕ್ಕಾದರೆ ನನ್ನ ಆಯ್ಕೆ ಯುಎಸ್‌ಬಿ ಇಂಟರ್‌ಫೇಸ್. ಯುಎಸ್‌ಬಿ ಆಡಿಯೋ ಕ್ಲಾಸ್ 1 ಅಥವಾ 2 ಪಾಲಿಸುತ್ತದೆ, ಅಂದರೆ ಕ್ಲಾಸ್ ಕಂಪ್ಲಯಂಟ್, ಎಂದು ಪೆಟ್ಟಿಗೆಯ ಮೇಲೆ ಅಥವಾ ತಾಂತ್ರಿಕ ವಿವರದಲ್ಲಿ ಬರೆದಿದ್ದರೆ ಎಸ್‌ಎನ್‌ಡಿ ಯುಎಸ್‌ಬಿ ಆಡಿಯೋ ಎಂಬ ಒಂದೇ ಡ್ರೈವರ್ ಸಾಕು. ಐಪ್ಯಾಡ್‌ನಲ್ಲಿ ಬೇರೆ ಆ್ಯಪ್ ಇಲ್ಲದೆ ಓಡುತ್ತದೆ ಎಂದಿದ್ದರೂ ಅದು ಒಳ್ಳೆಯ ಸೂಚನೆಯೇ. ತಯಾರಕರ ನಿಯಂತ್ರಣ ತಂತ್ರಾಂಶ ವಿಂಡೋಸ್‌ಗೆ ಮಾತ್ರ ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಗೇನ್, ಮಾನಿಟರಿಂಗ್‌ಗೆ ಪೆಟ್ಟಿಗೆಯ ಮೇಲೆಯೇ ತಿರುಗುಗುಂಡಿಗಳಿರುವುದನ್ನು ಆರಿಸಿ.

ಡ್ರೈವರ್ ಸರಿ, ನಡವಳಿಕೆ ಸರಿಯಿಲ್ಲ

ಕೆಲವು ಸಲ ಬದಲಿಸಬೇಕಾದ್ದು ಡ್ರೈವರ್ ಅಲ್ಲ, ಅದಕ್ಕೆ ಕೊಡುವ ಆಯ್ಕೆ. ಹಾಡು ಶುರುವಾಗುವಾಗ, ನಿಲ್ಲುವಾಗ ಸ್ಪೀಕರ್ ಟಪ್ ಎನ್ನುತ್ತಿದ್ದರೆ ವಿದ್ಯುತ್ ಉಳಿಸಲು ಕೋಡೆಕ್ ಮಲಗಿ ಏಳುತ್ತಿದೆ. ಮಾಡ್‌ಪ್ರೋಬ್.ಡಿ ಕೋಶದಲ್ಲಿ ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್‌ಗೆ ಪವರ್_ಸೇವ್=0 ಎಂದು ಕೊಡಿ; ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಹೆಡ್‌ಸೆಟ್‌ನ ಮೈಕ್ ಕೇಳಿಸದಿದ್ದರೆ ಮಾಡೆಲ್= ಎಂಬ ಆಯ್ಕೆಯಿದೆ. ಕರ್ನಲ್‌ನ ದಸ್ತಾವೇಜಿನಲ್ಲಿ ಕೋಡೆಕ್‌ವಾರು ಪಟ್ಟಿ ಕೊಟ್ಟಿದ್ದಾರೆ, ಡೆಲ್-ಹೆಡ್‌ಸೆಟ್-ಮಲ್ಟಿ ಅಂಥ ಒಂದು ಹೆಸರು. ಹೆಸರಿನಲ್ಲಿ ಡೆಲ್ ಇದ್ದರೂ ಅದೇ ಕೋಡೆಕ್ ಇರುವ ಬೇರೆ ಕಂಪನಿಯ ಯಂತ್ರದಲ್ಲಿ ಪ್ರಯತ್ನಿಸಲು ಅಡ್ಡಿಯಿಲ್ಲ. ಜ್ಯಾಕ್‌ನ ತಂತಿಗಳ ಪಾತ್ರವನ್ನೇ ಬದಲಿಸಬೇಕಾದರೆ ಎಚ್‌ಡಿಎ-ಜ್ಯಾಕ್-ರೀಟಾಸ್ಕ್ ಎಂಬ ಚಿತ್ರಾತ್ಮಕ ಸಾಧನವಿದೆ.

ಒಂದು ಸಲಕ್ಕೆ ಒಂದೇ ಆಯ್ಕೆ ಬದಲಿಸಿ, ಮರುಚಾಲನೆ ಮಾಡಿ, ಪರೀಕ್ಷಿಸಿ. ನಾಲ್ಕು ಸಾಲು ಒಟ್ಟಿಗೆ ಹಾಕಿ ಸದ್ದು ಬಂದರೆ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ.

ಏನೂ ಆಗದಿದ್ದರೆ

ಅಲ್ಸಾ-ಇನ್ಫೊ.ಎಸ್‌ಎಚ್ ಎಂಬ ಸ್ಕ್ರಿಪ್ಟನ್ನು --ನೋ-ಅಪ್‌ಲೋಡ್ ಆಯ್ಕೆಯೊಂದಿಗೆ ಓಡಿಸಿ. ಕಾರ್ಡ್, ಕೋಡೆಕ್, ಮಾಡ್ಯೂಲ್, ಮಿಕ್ಸರ್ ವಿವರಗಳೆಲ್ಲ ಒಂದು ಕಡತದಲ್ಲಿ ಸೇರುತ್ತವೆ. ಒಮ್ಮೆ ಕಣ್ಣಾಡಿಸಿ, ನಿಮ್ಮ ಡಿಸ್ಟ್ರೊದ ದೋಷವರದಿ ತಾಣಕ್ಕೆ ಸೇರಿಸಿ. ಸ್ಪೀಕರ್ ಇಲ್ಲವೋ, ಮೈಕ್ ಇಲ್ಲವೋ, ಹೆಡ್‌ಫೋನ್ ಹೇಗಿದೆ, ಹಿಂದಿನ ಯಾವುದಾದರೂ ಕರ್ನಲ್‌ನಲ್ಲಿ ಸರಿಯಿತ್ತೇ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಸೌಂಡ್ ಕೆಲಸ ಮಾಡುತ್ತಿಲ್ಲ ಎಂಬ ಒಂದೇ ಸಾಲಿಗೆ ಉತ್ತರ ಬರುವುದು ಕಷ್ಟ. ಮಾಡೆಲ್= ಆಯ್ಕೆಯೊಂದು ನಿಮಗೆ ಫಲ ಕೊಟ್ಟಿದ್ದರೆ ಅದನ್ನೂ ತಿಳಿಸಿ: ಕರ್ನಲ್ ಅಭಿವೃದ್ಧಿಕಾರರು ನಿಮ್ಮ ಯಂತ್ರದ ಗುರುತನ್ನು ಪಟ್ಟಿಗೆ ಸೇರಿಸಿದರೆ ಅದೇ ಲ್ಯಾಪ್‌ಟಾಪ್ ಕೊಳ್ಳುವ ಮುಂದಿನವರು ಇಷ್ಟೆಲ್ಲ ಓದಬೇಕಾಗುವುದಿಲ್ಲ.

ಹಾಗೆ ತಿದ್ದಿದ ಕರ್ನಲ್ ಬಂದ ದಿನ ಮಾಡ್‌ಪ್ರೋಬ್.ಡಿ ಕೋಶದಲ್ಲಿ ನೀವು ಬರೆದಿದ್ದ ಸಾಲನ್ನು ಅಳಿಸಿ, ರಾಮ್‌ಡಿಸ್ಕನ್ನು ಮತ್ತೊಮ್ಮೆ ಕಟ್ಟಿ. ಡಿಎಸ್‌ಪಿ_ಡ್ರೈವರ್=1 ಅಲ್ಲೇ ಉಳಿದರೆ ಹೊಸ ಕರ್ನಲ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಹಳೆಯ ಆಜ್ಞೆಯನ್ನೇ ಪಾಲಿಸಿ ಮೈಕನ್ನು ಮುಚ್ಚಿಟ್ಟಿರುತ್ತದೆ.